ಹೇರೆತ್ತಿನ ಮೇಲೆ ಬಂದ ಹಾಡು

ಪ್ರತಿವರ್ಷ ಫೆಬ್ರುವರಿ ನಡುವಿನ ದಿನಗಳಲ್ಲಿ ನ್ಯಾಮತಿ, ಸವಳಂಗ, ಹೊನ್ನಾಳಿ ಕಡೆಯ ರಸ್ತೆಗಳಲ್ಲಿ ಓಡಾಡುವವರಿಗೆ ಒಂದು ನೋಟ ಚೆನ್ನಾಗಿ ಗೊತ್ತು. ಕೊರಳಲ್ಲಿ ಮಾಲೆ ಹಾಕಿಕೊಂಡವರು ಗುಂಪು ಗುಂಪಾಗಿ ನಡೆದು ಬರುತ್ತಿರುತ್ತಾರೆ. ಟ್ರ್ಯಾಕ್ಟರ್, ಟೆಂಪೊ, ಬಸ್ಸುಗಳ ತುಂಬ ಜನ. ಕನ್ನಡಿ ಬಿಲ್ಲೆ, ಕವಡೆ, ನಾಣ್ಯ ಹೊಲಿದ ಉಡುಪಿನ ಅಜ್ಜಿಯರು, ಅವರ ಪಕ್ಕದಲ್ಲಿ ಜೀನ್ಸ್ ಪ್ಯಾಂಟಿನ ಮೊಮ್ಮಕ್ಕಳು. ಎಲ್ಲರೂ ಹೊರಟಿರುವುದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ. ಅದು ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು, ಅಂದರೆ ಬಂಜಾರರು, ನಂಬಿ ಪೂಜಿಸುವ ಕ್ಷೇತ್ರ. ಅವರ ಬಾಯಲ್ಲಿ ಅದರ ಹೆಸರು ಭಾಯಾಗಡ್. ಸೇವಾಲಾಲರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎಂಬ ನಂಬಿಕೆಯಂತೆ ಆ ದಿನ ಅಲ್ಲಿ ಜಯಂತಿ ನಡೆಯುತ್ತದೆ.

ಜಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರೆ ಒಂದು ಸೋಜಿಗ ತಿಳಿಯುತ್ತದೆ. ವಿಜಯಪುರದ ಕಡೆಯಿಂದ ಬಂದವರು ಊರಲ್ಲಿ ಕನ್ನಡ ಮಾತಾಡುವವರು. ಮಹಾರಾಷ್ಟ್ರದಿಂದ ಬಂದವರಿಗೆ ಸಂತೆಯ ಭಾಷೆ ಮರಾಠಿ. ಆಂಧ್ರ, ತೆಲಂಗಾಣದವರಿಗೆ ತೆಲುಗು. ಅಂಗಡಿಯವನ ಹತ್ತಿರ ತೆಂಗಿನಕಾಯಿಯ ಬೆಲೆ ಕೇಳುವಾಗ ಒಬ್ಬೊಬ್ಬರದು ಒಂದೊಂದು ಪರದಾಟ. ಅದೇ ಜನ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತರೆ ಒಂದೇ ಮಾತಿಗೆ ಬರುತ್ತಾರೆ. ಅಮ್ಮನಿಗೆ ಎಲ್ಲರೂ ‘ಯಾಡಿ’ ಎನ್ನುತ್ತಾರೆ. ರೊಟ್ಟಿಗೆ ‘ಬಾಟಿ’, ನೀರಿಗೆ ‘ಪಾಣಿ’. ಮೂರು ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿ, ನೂರಾರು ವರ್ಷ ಬೇರೆ ಬೇರೆ ಭಾಷೆಗಳ ನಡುವೆ ಬಾಳಿದ ಜನರ ಮನೆಮಾತು ಅದು. ಅದಕ್ಕೆ ‘ಗೋರ್ ಬೋಲಿ’ ಎನ್ನುತ್ತಾರೆ. ತಮ್ಮವರಿಗೆ ‘ಗೋರ್’, ಹೊರಗಿನವರಿಗೆ ‘ಕೋರ್’ ಎನ್ನುವುದು ಅವರ ವಾಡಿಕೆ.

ಕೈಯಲ್ಲಿ ಹಿಡಿದು ತೋರಿಸಲಾಗದ ಆಸ್ತಿಯನ್ನು ಒಂದು ಜನ ಊರಿಂದ ಊರಿಗೆ ಹೇಗೆ ಹೊತ್ತು ತಂದಿತು? ಈಗ ಅದನ್ನು ಮಕ್ಕಳಿಗೆ ದಾಟಿಸುವುದು ಏಕೆ ಕಷ್ಟವಾಗಿದೆ? ಈ ವಾರ ಅದನ್ನೇ ನೋಡೋಣ.

ಉಪ್ಪಿನ ದಾರಿ

ಲಾರಿ, ರೈಲು ಯಾವುದೂ ಇಲ್ಲದ ಕಾಲವನ್ನು ಊಹಿಸಿಕೊಳ್ಳಿ. ಕರಾವಳಿಯ ಉಪ್ಪು ಬಯಲುಸೀಮೆಗೆ ಬರಬೇಕು, ಬಯಲುಸೀಮೆಯ ಧಾನ್ಯ ಬೇರೆಡೆಗೆ ಹೋಗಬೇಕು. ದಾರಿಯಲ್ಲಿ ಕಾಡು, ಘಟ್ಟ, ಹೊಳೆ. ಗಾಡಿ ಹೋಗದ ಜಾಗದಲ್ಲೂ ಎತ್ತು ಹೋಗುತ್ತದೆ. ಎತ್ತಿನ ಬೆನ್ನಿನ ಎರಡೂ ಕಡೆ ಚೀಲ ಇಳಿಬಿಟ್ಟು ಸರಕು ಹೇರಿ, ಅಂಥ ನೂರಾರು, ಒಮ್ಮೊಮ್ಮೆ ಸಾವಿರಾರು ಹೇರೆತ್ತುಗಳ ಸಾಲು ಹೊಡೆದುಕೊಂಡು ಹೋಗುವುದು ಬಂಜಾರರ ಕಸುಬಾಗಿತ್ತು. ಈ ಹೇರು ವ್ಯಾಪಾರಕ್ಕೆ ಅವರು ‘ಲದೇಣಿ’ ಎಂದರು. ಲವಣದಿಂದ ಲಂಬಾಣಿ, ವಾಣಿಜ್ಯದಿಂದ ಬಂಜಾರ ಎಂಬ ಹೆಸರುಗಳು ಬಂದವೆಂದು ಹೇಳುವವರಿದ್ದಾರೆ. ಅವರ ಭಾಷೆ ರಾಜಸ್ಥಾನದ ನುಡಿಗಳಿಗೆ ಹತ್ತಿರದ್ದು. ಉತ್ತರದಿಂದ ದಕ್ಷಿಣಕ್ಕೆ ಅವರನ್ನು ಕರೆತಂದದ್ದು ಈ ಹೇರಿನ ದಾರಿಯೇ.

ದಂಡು ಹೊರಟರೂ ಇವರು ಬೇಕು. ದಖ್ಖಣಕ್ಕೆ ಬಂದ ಮೊಗಲರ ಸೈನ್ಯಕ್ಕೆ ದವಸ ಒದಗಿಸಿದವರಲ್ಲಿ ಬಂಜಾರರಿದ್ದರು. 1791-92ರಲ್ಲಿ ಟಿಪ್ಪುವಿನ ಮೇಲೆ ಏರಿ ಬಂದ ಕಾರ್ನ್‌ವಾಲಿಸ್‌ನ ಪಡೆಗೂ ಇವರ ಎತ್ತುಗಳೇ ಧಾನ್ಯ ತಂದವು. ಸರಕು ಹೊತ್ತವರು ಯಾವ ಪಕ್ಷಕ್ಕೂ ಸೇರಿದವರಲ್ಲವೆಂದು ದಾರಿ ಬಿಡುತ್ತಿದ್ದುದೂ ಉಂಟು.

ಹೀಗೆ ಸಾಗುವ ಗುಂಪಿಗೆ ತಾಂಡಾ ಎಂದು ಹೆಸರು. ಅದಕ್ಕೊಬ್ಬ ನಾಯಕ, ಅವನಿಗೆ ನೆರವಾಗಲು ಕಾರಭಾರಿ. ಇವತ್ತು ನಮ್ಮ ತಾಲ್ಲೂಕುಗಳಲ್ಲಿ ಊರಿನ ಹೆಸರಿನ ಕೊನೆಗೆ ‘ತಾಂಡಾ’ ಎಂದು ಕಂಡರೆ, ಒಂದು ಕಾಲಕ್ಕೆ ನಡೆಯುತ್ತಿದ್ದ ಊರು ಅಲ್ಲಿ ಬೀಡುಬಿಟ್ಟಿತು ಎಂದು ತಿಳಿಯಿರಿ.

ನಡೆಯುವ ಊರು ನಿಲ್ಲಲು ಕಾರಣಗಳಿದ್ದವು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಹೊರಟಿತು. ಹಳಿಗಳು ದೇಶದ ಒಳಗೊಳಗೆ ಹಬ್ಬಿದಂತೆಲ್ಲ ಹೇರೆತ್ತಿಗೆ ಕೆಲಸ ಕಡಿಮೆಯಾಯಿತು. ಉಪ್ಪು ಬ್ರಿಟಿಷರ ಹಿಡಿತಕ್ಕೆ ಹೋಯಿತು. ಕಸುಬು ಹೋದವರ ಮೇಲೆ ಇನ್ನೊಂದು ಪೆಟ್ಟೂ ಬಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದಿತು. ಅಲೆದಾಡುವ ಜನರನ್ನು ಕಂಡರೆ ಆ ಸರ್ಕಾರಕ್ಕೆ ಅನುಮಾನ. ಕಾಯ್ದೆ ಬೇರೆ ಪ್ರಾಂತ್ಯಗಳಿಗೆ ವಿಸ್ತರಿಸಿದಂತೆ ಹಲವೆಡೆ ಲಂಬಾಣಿಗರ ಹೆಸರೂ ಆ ಪಟ್ಟಿಗೆ ಸೇರಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ. ಕಾಯ್ದೆ ಹೋದರೂ ಅನುಮಾನದ ನೋಟ ಬೇಗ ಹೋಗಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪುಸ್ತಕವಿಲ್ಲದ ಪಾಠಶಾಲೆ

ನಡೆಯುವವರು ಹೆಚ್ಚು ಸಾಮಾನು ಇಟ್ಟುಕೊಳ್ಳಲು ಆಗದು. ಗೋಡೆಯಿಲ್ಲದ ಕಡೆ ಚಿತ್ರ ಬರೆಯಲಾಗದು. ಹೀಗಾಗಿ ಬಂಜಾರರು ತಮ್ಮ ಇತಿಹಾಸವನ್ನು ಹಾಡಿನಲ್ಲಿ ಇಟ್ಟರು, ಚಿತ್ರವನ್ನು ಬಟ್ಟೆಯ ಮೇಲೆ ಇಟ್ಟರು. ಅವರ ಭಾಷೆಗೆ ಸ್ವಂತ ಲಿಪಿಯಿಲ್ಲ. ಪುಸ್ತಕವಿಲ್ಲದೆ ಇಷ್ಟು ಶತಮಾನ ಹಾಡು ಉಳಿದದ್ದು ಹೇಗೆ ಎಂದರೆ ಉತ್ತರ ಹಬ್ಬಗಳಲ್ಲಿದೆ. ಒಂದೊಂದು ಹಬ್ಬವೂ ಒಂದೊಂದು ತರಗತಿ.

ಶ್ರಾವಣದ ಹೊತ್ತಿಗೆ ಬರುವ ತೀಜ್ ಹಬ್ಬವನ್ನೇ ನೋಡಿ. ಅದು ಮದುವೆಯಾಗದ ಹೆಣ್ಣುಮಕ್ಕಳ ಹಬ್ಬ. ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹುಡುಗಿಯರೇ ನೀರು ತಂದು ಹಾಕಬೇಕು. ನೀರು ಹಾಕುವಾಗ ಹಾಡು, ಬುಟ್ಟಿಯ ಸುತ್ತ ಕುಣಿಯುವಾಗ ಹಾಡು. ಸಸಿ ಎಷ್ಟು ಹುಲುಸಾಗಿ ಬಂದರೆ ಅಷ್ಟು ಒಳ್ಳೆಯದೆಂದು ನಂಬಿಕೆ. ಕೊನೆಯ ದಿನ ಸಸಿಯನ್ನು ಹಿರಿಯರಿಗೆ ಹಂಚಿ, ಉಳಿದದ್ದನ್ನು ಹಳ್ಳದಲ್ಲೋ ಕೆರೆಯಲ್ಲೋ ಬಿಡುತ್ತಾರೆ. ದೊಡ್ಡ ಹುಡುಗಿ ಎತ್ತಿಕೊಟ್ಟ ಸೊಲ್ಲನ್ನು ಚಿಕ್ಕವಳು ಹಿಂದಿನಿಂದ ಹೇಳುತ್ತಾಳೆ. ಒಂಬತ್ತು ದಿನ ಮುಗಿಯುವಷ್ಟರಲ್ಲಿ ಹಾಡು ಅವಳದಾಗಿರುತ್ತದೆ. ಪಾಠ ಮಾಡಿದೆ ಎಂದು ಯಾರೂ ಹೇಳುವುದಿಲ್ಲ, ಕಲಿತೆ ಎಂದೂ ಯಾರಿಗೂ ಅನ್ನಿಸುವುದಿಲ್ಲ.

ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಇದೇ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗುತ್ತಾರೆ. ನಾಯಕನ ಮನೆಯಿಂದ ಆರಂಭ. ಹಿರಿಯರ ಒಬ್ಬೊಬ್ಬರ ಮುಂದೆಯೂ ನಿಂತು ಹಾಡಿ ಶುಭ ಕೋರುವುದಕ್ಕೆ ‘ಮೇರಾ’ ಎನ್ನುತ್ತಾರೆ. ಮರುದಿನ ಹೊಲ ಕಾಡು ಸುತ್ತಿ ಹೂ ತರುವ ಸಂಭ್ರಮ. ಹೋಳಿಯಲ್ಲಿ ಗಂಡಸರು, ಹೆಂಗಸರು ಎದುರು ಬದುರಾಗಿ ನಿಂತು ಹಾಡುವ ಲೆಂಗಿ ಪದಗಳು. ಹಿಂದಿನ ಹೋಳಿಯಿಂದ ಈಚೆಗೆ ಹುಟ್ಟಿದ ಗಂಡುಮಗುವಿಗೆ ಅದೇ ಹಬ್ಬದಲ್ಲಿ ‘ಧುಂಡ್’ ಎಂಬ ಶಾಸ್ತ್ರ. ದೇವರಿಗೆ ಬೆಂಕಿಯಲ್ಲಿ ತುಪ್ಪ, ಬೆಲ್ಲದ ಸಿಹಿ ಅರ್ಪಿಸುವ ‘ಭೋಗ್’, ಆಗ ಹೇಳುವ ‘ಅರದಾಸ್’ ಎಂಬ ಪ್ರಾರ್ಥನೆ. ಸೂರಗೊಂಡನಕೊಪ್ಪದ ಜಯಂತಿಯಲ್ಲಿ ನಡೆಯುವುದೂ ಇದೇ.

ಮದುವೆಯ ಹಾಡುಗಳದ್ದು ಇನ್ನೊಂದು ಲೋಕ. ತವರು ಬಿಡುವ ಹುಡುಗಿ ತನ್ನ ಯಾಡಿಯನ್ನು, ಬಾಪುವನ್ನು, ಗೆಳತಿಯರನ್ನು ಅಪ್ಪಿಕೊಂಡು ಅಳುತ್ತ ಹಾಡುವುದಕ್ಕೆ ‘ಢಾವಲೋ’ ಎಂದು ಹೆಸರು. ಅಳುವಿಗೂ ರಾಗವಿದೆ, ಅದನ್ನೂ ಕಲಿಯಬೇಕು. ಮದುವೆಗೆ ಮುಂಚೆ ಹಿರಿಯ ಹೆಂಗಸರು ಹುಡುಗಿಯನ್ನು ಕೂರಿಸಿಕೊಂಡು ಅದನ್ನು ಕಲಿಸುತ್ತಿದ್ದರು. ಸಿಂಗರಿಸಿದ ಎತ್ತಿನ ಮೇಲೆ ನಿಂತು ಮದುಮಗಳು ತಾಂಡಾವನ್ನು ಹರಸುವ ಹಾಡಿಗೆ ‘ಹವೇಲಿ’ ಎನ್ನುತ್ತಾರೆ. ಎತ್ತು ಹೇರು ಹೊರುವುದನ್ನು ಬಿಟ್ಟು ನೂರು ವರ್ಷವಾದ ಮೇಲೂ ಹಾಡಿನಲ್ಲಿ ಅದು ಮದುಮಗಳನ್ನು ಹೊತ್ತು ನಿಂತಿತ್ತು.

ಸೂಜಿಯ ಬರಹ

ಲಂಬಾಣಿ ಹೆಣ್ಣುಮಕ್ಕಳ ಉಡುಪನ್ನು ನೀವೆಲ್ಲ ನೋಡಿದ್ದೀರಿ. ಲಂಗಕ್ಕೆ ಫೇಟಿಯಾ, ಕುಪ್ಪಸಕ್ಕೆ ಕಾಂಚಳಿ, ತಲೆಯ ಮೇಲಿನ ಹೊದಿಕೆಗೆ ಛಾಂಟಿಯಾ ಎನ್ನುತ್ತಾರೆ. ಅದರ ಮೇಲಿನ ಹೊಲಿಗೆಗಳಿಗೂ ಹೆಸರುಗಳಿವೆ: ಕಿಲಣ, ವೇಲೆ, ಮಾಕಿ, ರೇಲೋ, ನಕ್ರಾ, ಇನ್ನೂ ಹಲವು. ಅಮ್ಮ ಹೊಲಿಯುವಾಗ ಪಕ್ಕದಲ್ಲಿ ಕೂತ ಹುಡುಗಿಯ ಕೈಗೆ ಮೊದಲು ಸೂಜಿ, ಆಮೇಲೆ ಹೊಲಿಗೆಯ ಹೆಸರು ಬರುತ್ತಿತ್ತು.

ಈ ಕಲೆ ಉಳಿದ ಬಗೆಯಲ್ಲಿ ನಮಗೊಂದು ಪಾಠವಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರವೊಂದು 1980ರ ದಶಕದಿಂದ ಲಂಬಾಣಿ ಹೆಣ್ಣುಮಕ್ಕಳಿಗೆ ಹೊಲಿಗೆಯ ಕೆಲಸ ಕೊಡುತ್ತ ಬಂದಿದೆ. ಹಿಂದೆ ತಮಗಾಗಿ, ಮಗಳ ಮದುವೆಗಾಗಿ ಹೊಲಿಯುತ್ತಿದ್ದವರು ಈಗ ಚೀಲ, ದಿಂಬಿನ ಚೀಲ, ಸೀರೆಯ ಅಂಚುಗಳಿಗೆ ಅದೇ ಹೊಲಿಗೆ ಹಾಕುತ್ತಾರೆ. ‘ಸಂಡೂರು ಲಂಬಾಣಿ ಕಸೂತಿ’ಗೆ ಮೈಸೂರು ರೇಷ್ಮೆಗೆ ಇರುವಂಥದೇ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ಸೂಜಿ ಉಳಿಯಿತು, ಏಕೆಂದರೆ ಅದರಿಂದ ಮನೆಗೆ ನಾಲ್ಕು ಕಾಸು ಬಂತು, ಹೊಲಿದವಳಿಗೆ ಗೌರವವೂ ಸಿಕ್ಕಿತು. ಹಾಡಿಗೆ, ಮಾತಿಗೆ ಆ ಭಾಗ್ಯವಿಲ್ಲ. ಅವನ್ನು ಚೀಲದ ಮೇಲೆ ಹೊಲಿದು ಮಾರಲಾಗದು.

ಗಜ್ಜರಿಯ ಕಿಮ್ಚಿ

ಇಲ್ಲಿಂದ ಸ್ವಲ್ಪ ದೂರ ಹೋಗಿ ಬರೋಣ. ಚದುರಿಹೋದ ಇನ್ನೊಂದು ಜನ ತಮ್ಮ ಗಂಟನ್ನು ಹೇಗೆ ಕಾಪಾಡಿಕೊಂಡರು ಎಂದು ನೋಡಿದರೆ ನಮ್ಮ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ರಷ್ಯಾದ ಪೂರ್ವ ತುದಿಯಲ್ಲಿ, ಕೊರಿಯಾದ ಗಡಿಯ ಬಳಿ, ಬಹಳ ಕೊರಿಯನ್ನರು ಬೇಸಾಯ ಮಾಡಿಕೊಂಡಿದ್ದರು. 1937ರಲ್ಲಿ ಸ್ಟಾಲಿನ್ ಸರ್ಕಾರ ಅವರನ್ನೆಲ್ಲ, ಸುಮಾರು 1 ಲಕ್ಷ 72 ಸಾವಿರ ಜನರನ್ನು, ರೈಲುಗಳಲ್ಲಿ ತುಂಬಿ ಸಾವಿರಾರು ಕಿಲೋಮೀಟರ್ ದೂರದ ಕಜಾಕಸ್ತಾನ, ಉಜ್ಬೇಕಿಸ್ತಾನಗಳಿಗೆ ಸಾಗಿಸಿತು. ಶತ್ರುಗಳಿಗೆ ಬೇಹುಗಾರರಾದಾರು ಎಂಬ ಅನುಮಾನವೇ ಅದಕ್ಕೆ ಕೊಟ್ಟ ಕಾರಣ. ಇಡೀ ಒಂದು ಜನವನ್ನು ಸಂಶಯದಿಂದ ನೋಡುವ ರೋಗ ಒಂದೇ ದೇಶದ್ದಲ್ಲ, ನೋಡಿ.

ಕೊರಿಯನ್ನರ ಊಟದಲ್ಲಿ ಕಿಮ್ಚಿ ಇರಲೇಬೇಕು. ನಮಗೆ ಉಪ್ಪಿನಕಾಯಿ ಇದ್ದಂತೆ. ಉಪ್ಪು, ಮೆಣಸಿನಪುಡಿ ಹಾಕಿ ಹುಳಿ ಬರಿಸಿದ ಒಂದು ಬಗೆಯ ಎಲೆಕೋಸು ಅದು. ಹೊಸ ನಾಡಿನಲ್ಲಿ ಆ ಕೋಸು ಸಿಗಲಿಲ್ಲ. ಅಲ್ಲಿ ಧಾರಾಳವಾಗಿ ಸಿಗುತ್ತಿದ್ದುದು ಗಜ್ಜರಿ. ಹೆಂಗಸರು ಅದನ್ನೇ ಸಣ್ಣಗೆ ಹೆಚ್ಚಿ ಅದೇ ಮಸಾಲೆ ಹಾಕಿದರು. ಆ ‘ಮೊರ್ಕೊವ್‌ಚಾ’ ಈಗ ಆ ಕಡೆಯ ಮಾರುಕಟ್ಟೆಗಳಲ್ಲೆಲ್ಲ ಸಿಗುತ್ತದೆ, ಕೊರಿಯನ್ನರಲ್ಲದವರೂ ಇಷ್ಟಪಟ್ಟು ತಿನ್ನುತ್ತಾರೆ. 1932ರಲ್ಲಿ ವ್ಲಾಡಿವೊಸ್ಟೊಕ್‌ನಲ್ಲಿ ಆರಂಭವಾಗಿದ್ದ ಅವರ ನಾಟಕ ಮಂಡಳಿಯೂ ಅವರ ಜೊತೆಗೇ ಹೋಯಿತು. ಅದು ಇವತ್ತಿಗೂ ಅಲ್ಮಾಟಿಯಲ್ಲಿ ನಾಟಕವಾಡುತ್ತಿದೆ.

ಹೀಗೆ ಅಡುಗೆ ಉಳಿಯಿತು, ರಂಗಭೂಮಿ ಉಳಿಯಿತು. ಮಾತು ಮಾತ್ರ ಸವೆಯಿತು. ಶಾಲೆಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ಎಲ್ಲೆಲ್ಲೂ ರಷ್ಯನ್ ಬೇಕಾಯಿತು. ಅವರ ಹಳೆಯ ‘ಕೊರ್ಯೊ ಮಾರ್’ ನುಡಿಯನ್ನು ಸರಾಗವಾಗಿ ಆಡುವವರು ಈಗ ಹೆಚ್ಚಾಗಿ ಮುದುಕರೇ. ಮೊಮ್ಮಗ ಗಜ್ಜರಿಯ ಕಿಮ್ಚಿ ತಿನ್ನುತ್ತಾನೆ, ಅಜ್ಜಿ ಹೇಳಿದ ಕಥೆ ಅವನಿಗೆ ತಿಳಿಯುವುದಿಲ್ಲ. ನಾಲಿಗೆಯ ರುಚಿ ದಾಟಿತು, ನಾಲಿಗೆಯ ನುಡಿ ದಾಟಲಿಲ್ಲ.

ಹಾಡು, ಆಚರಣೆ, ಕೈಕೆಲಸ, ಮಾತಿನ ಕಲೆ ಇವೂ ತಾಜ್ ಮಹಲಿನಂತೆ ಕಾಪಾಡಬೇಕಾದ ಪರಂಪರೆ ಎಂದು ಯುನೆಸ್ಕೊ 2003ರಲ್ಲಿ ಒಂದು ಒಪ್ಪಂದ ಮಾಡಿತು. ಭಾರತ 2005ರಲ್ಲಿ ಅದಕ್ಕೆ ಸೇರಿತು. ಆ ಪಟ್ಟಿಯಲ್ಲಿ ರಾಜಸ್ಥಾನದ ಕಾಲ್ಬೇಲಿಯಾ ಜನರ ಹಾಡು, ಕುಣಿತ 2010ರಲ್ಲಿ ಸೇರಿದೆ. ಕೊರಿಯನ್ನರ ‘ಆರಿರಂಗ್’ ಎಂಬ ಜನಪದ ಹಾಡು 2012ರಲ್ಲಿ ದಕ್ಷಿಣ ಕೊರಿಯಾದ ಹೆಸರಲ್ಲಿ, 2014ರಲ್ಲಿ ಉತ್ತರ ಕೊರಿಯಾದ ಹೆಸರಲ್ಲಿ ಸೇರಿತು. ದೇಶ ಎರಡಾದರೂ ಹಾಡು ಒಂದೇ. ಪಟ್ಟಿಗೆ ಸೇರುವುದು ಸಂತೋಷವೇ. ಆದರೆ ಪಟ್ಟಿ ಹಾಡುವುದಿಲ್ಲ, ಜನ ಹಾಡಬೇಕು. ಒಂದು ಜನ ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ, ಕಾಲಕ್ಕೆ ತಕ್ಕಂತೆ ಹೊಸದು ಮಾಡಿಕೊಳ್ಳುತ್ತ ಬಂದರೆ ಮಾತ್ರ ಅದು ಜೀವಂತ ಪರಂಪರೆ ಎಂದು ಆ ಒಪ್ಪಂದವೇ ಹೇಳುತ್ತದೆ.

ಒಂದು ನುಡಿ, ಹಲವು ಲಿಪಿ

ಈಗ ನಮ್ಮ ತಾಂಡಾಗಳಿಗೆ ಮರಳೋಣ. 2011ರ ಜನಗಣತಿಯಲ್ಲಿ ಲಂಬಾಣಿ ತಮ್ಮ ಮಾತೃಭಾಷೆ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಗಣತಿಯ ಪುಸ್ತಕದಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಹಿಂದಿಯೊಂದೇ ಬಲ್ಲವರು ತಾಂಡಾದ ಅಜ್ಜಿಯ ಮಾತು ಕೇಳಿದರೆ ಎಷ್ಟು ಅರ್ಥವಾಗುತ್ತದೆ ಎಂಬುದು ಬೇರೆ ವಿಷಯ. ಸರ್ಕಾರದ ಲೆಕ್ಕದಲ್ಲೂ ಈ ಜನ ಒಂದೇ ಅಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಬೀಗರ ಮನೆ ಬೇರೆ ರಾಜ್ಯದಲ್ಲಿದ್ದರೆ ಪಟ್ಟಿಯೂ ಬೇರೆ.

ಬರೆಯುವಾಗಲೂ ಇದೇ ತೊಡಕು. ಇಲ್ಲಿನವರು ಗೋರ್ ಬೋಲಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಮಹಾರಾಷ್ಟ್ರದವರು ದೇವನಾಗರಿಯಲ್ಲಿ, ಆಚೆಯವರು ತೆಲುಗಿನಲ್ಲಿ. ತೆಲಂಗಾಣದ ಕೇತಾವತ್ ಸೋಮಲಾಲ್ ಅವರು ಭಗವದ್ಗೀತೆಯನ್ನು ಬಂಜಾರ ನುಡಿಗೆ ತಂದು ತೆಲುಗು ಲಿಪಿಯಲ್ಲಿ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದನ್ನು ಓದಿ ಹೇಳಿದರೆ ನ್ಯಾಮತಿಯ ಅಜ್ಜಿಗೆ ತಿಳಿದೀತು. ಪುಸ್ತಕವನ್ನು ಕೈಗೆ ಕೊಟ್ಟರೆ ಅವಳ ಕನ್ನಡ ಓದುವ ಮೊಮ್ಮಗನಿಗೆ ಒಂದು ಅಕ್ಷರವೂ ತಿಳಿಯದು.

ಆದರೆ ಲಿಪಿಯಿಲ್ಲದ ಭಾಷೆಗೆ ಈಗ ಒಂದು ಅನುಕೂಲ ಬಂದಿದೆ. ಅದು ಎಲ್ಲರ ಕೈಯಲ್ಲಿರುವ ಫೋನು. ಧ್ವನಿಗೆ ಲಿಪಿ ಬೇಡ. ಇಲ್ಲಿ ಹಾಡಿದ ತೀಜ್ ಪದವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಮಹಾರಾಷ್ಟ್ರದ ಅತ್ತೆ, ತೆಲಂಗಾಣದ ಸೋದರಮಾವ ಇಬ್ಬರೂ ಕೇಳಬಹುದು, ತಮ್ಮ ಕಡೆಯ ಸೊಲ್ಲು ಸೇರಿಸಿ ತಿರುಗಿ ಕಳಿಸಬಹುದು. ಹೇರೆತ್ತಿನ ಸಾಲು ಕೂಡಿಸಿದ್ದ ನಂಟನ್ನು ಫೋನು ಮತ್ತೆ ಕೂಡಿಸಬಲ್ಲದು.

ಸಂತ ಸೇವಾಲಾಲರ ಸಮಾಧಿಯಿರುವ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ಬಂಜಾರ ಪರಂಪರೆಯ ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು. ನಮ್ಮಲ್ಲಿ ತಾಂಡಾ ಅಭಿವೃದ್ಧಿ ನಿಗಮವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಇವೆಲ್ಲ ಬೇಕು. ಆದರೆ ಗಾಜಿನ ಪೆಟ್ಟಿಗೆಯ ಕಾಂಚಳಿ ಯಾರ ಮೈಗೂ ಬರುವುದಿಲ್ಲ. ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿದ ಲಂಬಾಣಿ ನೃತ್ಯಕ್ಕೆ ಚಪ್ಪಾಳೆ ಬೀಳುತ್ತದೆ. ಮನೆಗೆ ಬಂದ ಹುಡುಗಿ ಅಜ್ಜಿಯ ಜೊತೆ ಆ ಮಾತಿನಲ್ಲಿ ನಾಲ್ಕು ಸಾಲು ಆಡಲಾರದೆ ಹೋದರೆ ಕುಣಿತ ಬರೀ ಕೈಕಾಲಿನದಾಗುತ್ತದೆ.

ಮನೆಯೊಳಗಿನ ನಾಚಿಕೆ

ಹಾಗಾದರೆ ತಡೆಯುತ್ತಿರುವುದು ಏನು? ಒಂದು, ಹೊಟ್ಟೆಪಾಡು. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವವರಿದ್ದಾರೆ. ಕಬ್ಬಿನ ಗದ್ದೆಯ ಅಂಚಿನ ಗುಡಿಸಲಿನಲ್ಲಿ ತೀಜ್ ಬುಟ್ಟಿ ಇಡುವವರು ಯಾರು? ಅಪ್ಪ ಅಮ್ಮನ ಜೊತೆ ಹೋದ ಮಗುವಿಗೆ ಶಾಲೆ ತಪ್ಪುತ್ತದೆ, ಹಬ್ಬ ಎಂಬ ಶಾಲೆಯೂ ತಪ್ಪುತ್ತದೆ.

ಎರಡನೆಯದು ನಾಚಿಕೆ. ಮೊದಲೇ ಹೇಳಿದ ಆ ಹಳೆಯ ಕಾಯ್ದೆ ಬಿಟ್ಟುಹೋದ ಅನುಮಾನದ ನೋಟ ಇಲ್ಲಿ ಕೆಲಸ ಮಾಡುತ್ತದೆ. ಉಡುಪು ನೋಡಿ, ಮಾತು ಕೇಳಿ ಯಾರಾದರೂ ಬಸ್ಸಿನಲ್ಲಿ ಸರಿದು ಕೂತರೆ, ಆ ಉಡುಪನ್ನು ಮಗಳಿಗೆ ತೊಡಿಸಲು ಯಾವ ತಾಯಿಗೆ ಮನಸ್ಸು ಬಂದೀತು? ತಾಂಡಾದ ಮಗು ಒಂದನೇ ತರಗತಿಗೆ ಬಂದು ‘ಬಾಟಿ’ ಎಂದಾಗ ಉಳಿದ ಮಕ್ಕಳು ನಕ್ಕರೆ, ಅದು ಮನೆಗೆ ಹೋಗಿ ಆ ಶಬ್ದವನ್ನೇ ಬಿಡುತ್ತದೆ. ಮಗ ಚೆನ್ನಾಗಿ ಓದಲಿ ಎಂದು ಅಪ್ಪ ಅಮ್ಮ ಕನ್ನಡವನ್ನೋ ಇಂಗ್ಲಿಷನ್ನೋ ಮನೆಯೊಳಗೂ ತರುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಓದು ಬೇಕು, ಕೆಲಸ ಬೇಕು. ಆದರೆ ಮಗುವಿನ ಬಾಯಲ್ಲಿ ಎರಡು ಮೂರು ಭಾಷೆಗೆ ಜಾಗವಿದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಸಂತೆಯಲ್ಲಿ ಮೂರು ಭಾಷೆ ಆಡುವ ವ್ಯಾಪಾರಿ ಯಾವುದನ್ನೂ ಮರೆತಿರುವುದಿಲ್ಲ.

ಹಳೆಯದೆಲ್ಲ ಉಳಿಯಬೇಕೆಂದೂ ಇಲ್ಲ. ತೋಳು ತುಂಬ ಭಾರದ ಬಳೆ ಹಾಕಿಕೊಂಡು ದುಡಿದ ಅಜ್ಜಿ, ಮೊಮ್ಮಗಳು ಅದನ್ನು ತೊಡುವುದು ಬೇಡ ಎಂದರೆ ಅದು ಅವಳ ಅನುಭವದ ಮಾತು. ಎಳೆಯ ವಯಸ್ಸಿನಲ್ಲಿ ಮದುವೆಯಾದ ಹುಡುಗಿಯ ಢಾವಲೋದಲ್ಲಿ ಹಾಡಿನ ಚೆಲುವೂ ಇತ್ತು, ನಿಜವಾದ ಸಂಕಟವೂ ಇತ್ತು. ಓದಿ, ಬೆಳೆದು, ತಾನೇ ಒಪ್ಪಿ ಮದುವೆಯಾಗುವ ಹುಡುಗಿ ಆ ಹಾಡನ್ನು ಕಲಿಯಬಹುದು, ಆ ಸಂಕಟವನ್ನು ಬಿಡಬಹುದು. ಗಂಡುಮಗುವಿಗೆ ಮಾಡುವ ಧುಂಡ್ ಹೆಣ್ಣುಮಗುವಿಗೂ ಆಗಲಿ ಎಂದು ತಾಂಡಾದ ತಾಯಂದಿರು ನಿರ್ಧರಿಸಿದರೆ ಯಾವ ದೇವರಿಗೂ ಕೋಪ ಬರಲಾರದು. ಹೇರೆತ್ತಿನ ಕಾಲದಲ್ಲೂ ಎಲ್ಲವನ್ನೂ ಹೇರುತ್ತಿರಲಿಲ್ಲ. ಯಾವುದು ಮುಂದಿನ ಊರಿಗೆ ಬೇಕೋ ಅದನ್ನು ಆರಿಸಿ ಹೇರುತ್ತಿದ್ದರು. ಆರಿಸುವ ಹಕ್ಕು ಆ ಮನೆಯವರದು. ಹೊರಗಿನ ನಾವು ಮಾಡಬಹುದಾದದ್ದು, ನಾಚಿಕೆಗೆ ಕಾರಣವಾಗದಿರುವುದು.

ಈ ವಾರದ ಕೆಲಸ

ಮಕ್ಕಳೇ, ನೀವು ತಾಂಡಾದವರಾಗಿದ್ದರೆ ಅಜ್ಜಿಯ ಪಕ್ಕದಲ್ಲಿ ಒಂದು ಸಂಜೆ ಕುಳಿತು ಒಂದು ಹಾಡು ಕೇಳಿ. ‘ರೆಕಾರ್ಡ್ ಮಾಡಲಾ?’ ಎಂದು ಮೊದಲು ಅಪ್ಪಣೆ ಪಡೆಯಿರಿ. ಹಾಡು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಇದನ್ನು ಯಾವಾಗ ಹಾಡುತ್ತಿದ್ದಿರಿ, ಯಾರಿಂದ ಕಲಿತಿರಿ, ನನಗೆ ತಿಳಿಯದ ಈ ಶಬ್ದದ ಅರ್ಥವೇನು. ಉತ್ತರವನ್ನೂ ರೆಕಾರ್ಡ್ ಮಾಡಿ. ಹಾಡು ಮಾತ್ರ ಉಳಿದು ಸಂದರ್ಭ ಮರೆತುಹೋದರೆ, ಬೀಗ ಕಳೆದ ಬೀಗದಕೈಯಂತೆ ಅದು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಡಿ. ತಪ್ಪಿದ್ದರೆ ಅಜ್ಜಿ ತಿದ್ದುತ್ತಾಳೆ.

ನೀವು ತಾಂಡಾದವರಲ್ಲದಿದ್ದರೆ, ನಿಮ್ಮ ತರಗತಿಯ ಗೆಳೆಯನೋ ಗೆಳತಿಯೋ ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಿ ಐದು ಶಬ್ದ ಕಲಿಯಿರಿ. ತುಳು, ಉರ್ದು, ಕೊಂಕಣಿ, ತೆಲುಗು, ಯಾವುದೂ ಆಗಬಹುದು. ನಿಮ್ಮ ಮನೆಯಲ್ಲೂ ಸೋಬಾನೆಯ ಪದ, ಬೀಸುವ ಪದ ಬಲ್ಲ ಅಜ್ಜಿ ಇರಬಹುದು. ಬೀಸುಕಲ್ಲು ಅಟ್ಟಕ್ಕೆ ಹೋದ ಮೇಲೆ ಬೀಸುವ ಪದ ಎಲ್ಲಿಗೆ ಹೋಯಿತು ಎಂದು ಅವಳನ್ನೂ ಕೇಳಿ.

ತಂದೆತಾಯಿಯರಿಗೆ ಒಂದೇ ಮಾತು: ಊಟದ ಹೊತ್ತನ್ನಾದರೂ ಮನೆಮಾತಿಗೆ ಮೀಸಲಿಡಿ. ಕೆಲಸಕ್ಕೆಂದು ದೂರ ಹೋಗಿರುವವರು ಫೋನಿನಲ್ಲಿ ಮಕ್ಕಳ ಜೊತೆ ಆ ಮಾತಿನಲ್ಲೇ ಆಡಿ. ಶಿಕ್ಷಕರು ಒಂದನೇ ತರಗತಿಯ ಗೋಡೆಯ ಮೇಲೆ ‘ರೊಟ್ಟಿ’ಯ ಚಿತ್ರದ ಕೆಳಗೆ ‘ಬಾಟಿ’ ಎಂದೂ ಬರೆದರೆ ಖರ್ಚೇನೂ ಆಗದು. ತನ್ನ ಮನೆಯ ಶಬ್ದ ಶಾಲೆಯ ಗೋಡೆಯ ಮೇಲೆ ಕಂಡ ಮಗು ಅದನ್ನು ಬಿಡಲಾರದು.

ಮುಂದಿನ ತೀಜ್‌ಗೆ ಗೋಧಿ ಬಿತ್ತುವಾಗ ಹಾಡು ಎತ್ತಿಕೊಡಲು ಒಬ್ಬಳು ಬೇಕು, ಹಿಂದಿನಿಂದ ಹೇಳಲು ಒಬ್ಬಳು ಬೇಕು. ಎತ್ತಿಕೊಡುವವಳು ಇನ್ನೂ ಇದ್ದಾಳೆ. ಅವಳ ಹಿಂದೆ ನಿಲ್ಲುವ ಸರದಿ ನಿಮ್ಮದು.